ಗೈಡ್ ಮಹಾಶಯರ ಸನ್ನಿಧಿಗೆ ಒಂದು ಅರ್ಜಿ

ಗೆ,
ಶ್ರೀ ಶ್ರೀ ಶ್ರೀ ಗೈಡ್ ಮಹಾಶಯರು,
ಉರ್ಫ್ ಡೈಜೆಸ್ಟ್, ಉರ್ಫ್ ಪ್ರಶ್ನೋತ್ತರ ಮಾಲೆ, ಉರ್ಫ್ ಪಾಸಿಂಗ್ ಪ್ಯಾಕೇಜ್,
ಮುಕ್ಕಾಂ: ಗಣಪತ್ ಗಲ್ಲಿ, ಬೆಳಗಾವಿ.
ಸಂಚಾರ: ಖಾನಾಪುರ ತಾಲೂಕಿನ ಪ್ರತಿ ಪಾಟಿಚೀಲ.

ವಿಷಯ: ತಮ್ಮ ಕೃಪೆಯನ್ನು ತುಸು ಕಡಿಮೆ ಮಾಡಿಕೊಡುವಂತೆ ಕೋರಿ.

ಪೂಜ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾವೆಲ್ಲ ಇಲ್ಲಿ ಕ್ಷೇಮ. ತಾವು ಕ್ಷೇಮವಾಗಿರುವುದು ಜೂನ್ ತಿಂಗಳಲ್ಲಿ ಪುಸ್ತಕದಂಗಡಿಗಳ ಮುಂದಿನ ಗದ್ದಲ ನೋಡಿದರೇ ತಿಳಿಯುತ್ತದೆ. ಅರ್ಜಿಯ ನಮೂನೆ ಸರಿಯಾಗಿದೆಯಷ್ಟೆ? ಗೆ, ವಿಷಯ, ಪೂಜ್ಯರೇ, ಕೊನೆಗೆ ತಮ್ಮ ವಿಧೇಯ. ಪತ್ರಲೇಖನಕ್ಕೆ ತಾವೇ ಹಾಕಿಕೊಟ್ಟ ಚೌಕಟ್ಟು ಇದು. ಒಳಗೆ ಏನು ಬರೆದರೂ ಚೌಕಟ್ಟಿಗೆ ಅಂಕ ಬಂದೇ ಬರುತ್ತದೆ ಎಂದು ಅಭಯವನ್ನೂ ಕೊಟ್ಟಿದ್ದೀರಿ. ಆ ಧೈರ್ಯದ ಮೇಲೆಯೇ ಒಳಗೂ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಾನು ಖಾನಾಪುರ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ಮಾಸ್ತರ. ಮನೆ ವಡಗಾವಿಯಲ್ಲಿ. ಪೀರನವಾಡಿ, ದೇಸೂರು ದಾಟಿ ದಿನಾ ಬಸ್ಸಿನಲ್ಲಿ ಹೋಗಿ ಬರುವ ಮನುಷ್ಯ. ಮಕ್ಕಳು ಪಠ್ಯಪುಸ್ತಕದ ಜೊತೆಗೆ ಇನ್ನೇನು ಓದಬೇಕು, ಪೇಟೆಯಲ್ಲಿ ಯಾವುದು ಚಲೋ ಬಂದಿದೆ ಎಂದು ನೋಡಿಬರುವ ಕೆಲಸವನ್ನು ಪ್ರತಿ ವರ್ಷ ನನಗೇ ಹಚ್ಚುತ್ತಾರೆ. ಅದಕ್ಕೆ ನನಗಿರುವ ಅರ್ಹತೆ ಒಂದೇ: ಬೆಳಗಾವಿಯಲ್ಲಿ ಮನೆ ಇರುವುದು. ಹೀಗಾಗಿ ತಮ್ಮ ದರ್ಶನಭಾಗ್ಯ ನನಗೆ ತಪ್ಪಿದ್ದಿಲ್ಲ.

ದರ್ಶನ ಎಂದೆ. ಸ್ಪರ್ಶಕ್ಕೆ ಅವಕಾಶವಿಲ್ಲ ಎಂಬುದನ್ನು ಭಕ್ತಿಯಿಂದಲೇ ನೆನೆಯುತ್ತೇನೆ. ಹೋದ ಜೂನ್‌ನಲ್ಲಿ ಮಳೆ ಹಿಡಿದ ಸಂಜೆ, ಕೊಡೆಗಳಿಂದ ನೀರು ಸೋರುತ್ತಿದ್ದ ಅಂಗಡಿಯ ಕಟ್ಟೆಯ ಮೇಲೆ ತಾವು ತೆಳುವಾದ ಪ್ಲಾಸ್ಟಿಕ್ ಪೀತಾಂಬರ ಉಟ್ಟು, ಹತ್ತನೇ ತರಗತಿಯ ಇಡೀ ಸೆಟ್ಟಾಗಿ ವಿರಾಜಮಾನರಾಗಿದ್ದಿರಿ. ರಕ್ಷಾಪುಟದಲ್ಲಿ ಕನ್ನಡಕ ಹಾಕಿಕೊಂಡು ನಗುವ ಒಬ್ಬ ಹುಡುಗಿ, ಅವಳ ತಲೆಯ ಮೇಲೆ 'ಹೊಸ ನೀಲನಕ್ಷೆಯಂತೆ', ಕೆಳಗೆ 'ನೂರಕ್ಕೆ ನೂರು ಖಚಿತ'. ಒಳಗೆ ಏನಿದೆ ಎಂದು ತಿರುವಿ ನೋಡೋಣವೆಂದು ಕೈ ಹಾಕಿದೆ. "ಪ್ಲಾಸ್ಟಿಕ್ ಹರೀಬ್ಯಾಡ್ರಿ ಸರ, ಹರದ್ರ ವಾಪಸ್ ತಗೊಳ್ಳಂಗಿಲ್ಲ" ಎಂದ ಅಂಗಡಿ ಹುಡುಗ. ಹಾಗಾದರೆ ಕನ್ನಡದ್ದು ಒಂದನ್ನೇ ಕೊಡಪ್ಪ ಎಂದೆ. "ಬಿಡಿ ಸಿಗಂಗಿಲ್ರಿ. ಸೆಟ್ ತಗೋರಿ, ಮ್ಯಾಲ ಡಿಸ್ಕೌಂಟ್ ಅದ." ನಿಮ್ಮ ವೈಭವದ ಗುಟ್ಟು ನನಗೆ ಅಲ್ಲಿಯೇ ಹೊಳೆಯಿತು ಸ್ವಾಮಿ. ಎರಡು ರೂಪಾಯಿಯ ಬದನೆಕಾಯಿಯನ್ನು ಹಿಚುಕಿ, ಹುಳ ಇದೆಯೇ ಎಂದು ತಿರುಗಿಸಿ ನೋಡಿ ಕೊಳ್ಳುವ ಊರಿನಲ್ಲಿ, ಮಕ್ಕಳ ವಿದ್ಯೆಯನ್ನು ಮಾತ್ರ ಕಣ್ಣುಮುಚ್ಚಿ ಕೊಳ್ಳುವ ಪದ್ಧತಿಯನ್ನು ತಾವು ಸ್ಥಾಪಿಸಿದ್ದೀರಿ.

ನನ್ನ ಪಕ್ಕದಲ್ಲಿ ಖಾನಾಪುರದ ಕಡೆಯ ಒಬ್ಬರು ನಿಂತಿದ್ದರು. ಇಟ್ಟಂಗಿ ಭಟ್ಟಿಯಲ್ಲಿ ಕೆಲಸ, ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಮಣ್ಣು. ನಾನು ಮಾಸ್ತರ ಎಂದು ತಿಳಿದು, "ಸರ, ಇದರಾಗ ಯಾವುದು ಚಲೋರಿ?" ಎಂದು ಕೇಳಿದರು. ಒಳಗೆ ನೋಡದೆ ನಾನು ಏನು ಹೇಳಲಿ? ಅವರು ಸ್ವಲ್ಪ ಹೊತ್ತು ಕಾದು, ಎರಡು ಕಂಪನಿಯ ಸೆಟ್ಟುಗಳನ್ನು ಎರಡು ಕೈಯಲ್ಲಿ ಎತ್ತಿ ತೂಗಿ, ಭಾರವಾದದ್ದನ್ನು ಆರಿಸಿದರು. ಒಂದು ಮುಂಜಾನೆಯಿಂದ ಸಂಜೆವರೆಗೆ ಇಟ್ಟಂಗಿ ಹೊತ್ತ ಕೂಲಿ ತಮ್ಮ ಪಾದಕ್ಕೆ ಸಂದಿತು. ತಮ್ಮನ್ನು ಆರಿಸುವ ಇದಕ್ಕಿಂತ ಶಾಸ್ತ್ರೀಯವಾದ ವಿಧಾನವನ್ನು ನಾನು ಯಾವ ತರಬೇತಿಯಲ್ಲಿಯೂ ಕಂಡಿಲ್ಲ.

ಇನ್ನು ಆ ಬಡಪಾಯಿ ಪಠ್ಯಪುಸ್ತಕದ ವಿಚಾರ. ಕರ್ನಾಟಕ ಪಠ್ಯಪುಸ್ತಕ ಸಂಘದವರು ಕನ್ನಡ, ಮರಾಠಿ, ಉರ್ದು, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಎಂದು ಏಳು ಮಾಧ್ಯಮಗಳಲ್ಲಿ ಅದನ್ನು ಅಚ್ಚು ಹಾಕಿಸುತ್ತಾರೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಪುಕ್ಕಟೆ ಬರುತ್ತದೆ. ಅದೇ ಅದರ ದೌರ್ಭಾಗ್ಯ. ರೊಕ್ಕ ಕೊಟ್ಟು ತಂದ ತಮಗೆ ಮನೆಯಲ್ಲಿ ಕಂದು ಕಾಗದದ ರಟ್ಟು, ಲೇಬಲ್ಲು, ಅರಿಶಿನ ಕುಂಕುಮ. ಪಠ್ಯಪುಸ್ತಕಕ್ಕೆ ಮಾರ್ಚ್ ಬಂದರೂ ಮೂಲೆ ಮುದುಡುವುದಿಲ್ಲ. ಸೇವಕನಾಗಿ ಬಂದು ಯಜಮಾನನನ್ನು ಪಡಸಾಲೆಗೆ ಕಳಿಸಿದ ತಮ್ಮ ಸಾಮರ್ಥ್ಯಕ್ಕೆ ಸಾಷ್ಟಾಂಗ ನಮಸ್ಕಾರ.

ತಾವು ಮಕ್ಕಳಿಗೆ ಕೊಟ್ಟ ದೊಡ್ಡ ವರವೆಂದರೆ ಸಿದ್ಧ ನಿಬಂಧ. ಖಾನಾಪುರ ಪಶ್ಚಿಮ ಘಟ್ಟದ ತಾಲೂಕು. ಮಲಪ್ರಭೆ ಹುಟ್ಟುವುದು ಇಲ್ಲಿನ ಕಣಕುಂಬಿಯಲ್ಲಿ. ಆಷಾಢದಲ್ಲಿ ಈ ಸೀಮೆಯಲ್ಲಿ ಮಳೆ ಸುರಿಯುವ ರೀತಿ ನೋಡಿಯೇ ತಿಳಿಯಬೇಕು. ಹಬ್ಬನಹಟ್ಟಿಯ ಮಾರುತಿ ದೇವಸ್ಥಾನ ನೀರಿನಲ್ಲಿ ಮುಳುಗುತ್ತದೆ, ಕಾಡಂಚಿನ ಊರುಗಳ ದಾರಿ ಕಟ್ಟಾಗುತ್ತದೆ, ಶಾಲೆಗಳಿಗೆ ರಜೆ ಕೊಡುತ್ತಾರೆ. ಅಂಥ ಒಂದು ವಾರ ಕಳೆದ ಮೇಲೆ, ಇನ್ನೂ ಒಣಗದ ವಹಿಗಳಲ್ಲಿ 'ನೀರಿನ ಮಹತ್ವ' ಕುರಿತು ಬರೆಯಲು ಹೇಳಿದೆ. ಇಡೀ ತರಗತಿ ತಲೆ ಬಗ್ಗಿಸಿ ಒಂದೇ ವಾಕ್ಯದಿಂದ ಸುರು ಮಾಡಿತು: ನಮ್ಮ ಊರಿನಲ್ಲಿ ಕಳೆದ ಮೂರು ವರ್ಷಗಳಿಂದ ಮಳೆಯೇ ಆಗಿಲ್ಲ.

ಮುಂದಿನ ಬೆಂಚಿನ ಹುಡುಗನನ್ನು ಎಬ್ಬಿಸಿ ಕೇಳಿದೆ, "ಯಾಕಪಾ, ನಿಮ್ಮೂರಾಗ ಮಳಿ ಇಲ್ಲೇನು?"

"ಮಳಿ ಭಾಳ ಐತ್ರಿ ಸರ. ಆದರ ನಿಬಂಧದಾಗ ಇಲ್ರಿ."

ಹಾಗೆಂದವನೇ, ನಾನು ಕೇಳದಿದ್ದರೂ, ಆ ವಾರ ಹಳ್ಳದ ಮೇಲಿನ ಮರದ ದಿಮ್ಮಿಗಳು ಕೊಚ್ಚಿಕೊಂಡು ಹೋದದ್ದು, ಅವರಪ್ಪ ಮತ್ತು ಕಾಕಾ ಎರಡು ಬದಿಯಿಂದ ಹಗ್ಗ ಕಟ್ಟಿದ್ದು, ಅಜ್ಜಿಯ ಗುಳಿಗೆ ತರಲು ಅಣ್ಣ ಆ ಹಗ್ಗ ಹಿಡಿದು ದಾಟಿದ್ದು, ಆಚೆ ದಡ ಮುಟ್ಟಿದ ಮೇಲೆ ಅವನ ಕಾಲಿಗೆ ಜಿಗಳೆ ಹತ್ತಿದ್ದು, ಎಲ್ಲವನ್ನೂ ಕೈ ತಿರುಗಿಸಿ ತಿರುಗಿಸಿ ಹೇಳಿದ. ಅರ್ಧ ಕನ್ನಡ, ಅರ್ಧ ಮರಾಠಿ. ಇಡೀ ತರಗತಿ ಬಾಯಿ ತೆರೆದು ಕೇಳಿತು. ಇದನ್ನೇ ಬರಿಯಪ್ಪ ಎಂದರೆ ಅವನಿಗೆ ಗಾಬರಿ. "ಇದು ಗೈಡಿನ್ಯಾಗ ಇಲ್ರೀ, ಮಾರ್ಕ್ಸ್ ಹೋಗ್ತಾವ." ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಇರುವ ಮಗುವಿಗೆ ಬೇಕಾದದ್ದು ತನ್ನ ಮಾತನ್ನು ತಾನೇ ಕಟ್ಟುವ ರೂಢಿ, ಅದಕ್ಕೆ ನೂರು ತಪ್ಪು ವಾಕ್ಯಗಳ ಅವಕಾಶ. ತಾವು ಕೃಪೆದೋರಿ ಆ ತೊಂದರೆಯನ್ನೇ ತಪ್ಪಿಸಿದ್ದೀರಿ. ತಪ್ಪಿಲ್ಲದ ವಾಕ್ಯವನ್ನು ಮೊದಲೇ ಕೊಟ್ಟುಬಿಟ್ಟರೆ ಮಗು ವಾಕ್ಯ ಮಾಡುವ ಗೋಜಿಗೆ ಏಕೆ ಹೋದೀತು?

ತಮ್ಮ ಮೇಲೆ ಮಕ್ಕಳಿಟ್ಟ ನಂಬಿಕೆ ಎಷ್ಟು ಗಾಢವೆಂಬುದಕ್ಕೆ ಒಂದು ಸಾಕ್ಷಿ. ಅರ್ಧವಾರ್ಷಿಕ ಪರೀಕ್ಷೆಯ ಒಂದು ಉತ್ತರಪತ್ರಿಕೆಯಲ್ಲಿ, ಮುತ್ತು ಪೋಣಿಸಿದ ಅಕ್ಷರದಲ್ಲಿ ನಾಲ್ಕು ಸಾಲು ಉತ್ತರ ಬರೆದು, ಐದನೆಯ ಸಾಲಿನಲ್ಲಿ ಹುಡುಗಿ ಹೀಗೆ ಬರೆದಿದ್ದಳು: 'ಹೆಚ್ಚಿನ ವಿವರಣೆಗೆ ನಾಲ್ಕನೆಯ ಪಾಠದ ಮೂರನೆಯ ಪ್ರಶ್ನೆಯ ಉತ್ತರ ನೋಡಿರಿ.' ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಅದನ್ನು ಹೊಡೆದುಹಾಕಲು ಮನಸ್ಸಾಗಲಿಲ್ಲ. ಇಡೀ ಪತ್ರಿಕೆಯಲ್ಲಿ ತನ್ನ ಮೂಲವನ್ನು ಪ್ರಾಮಾಣಿಕವಾಗಿ ಹೇಳಿದ ಸಾಲು ಅದೊಂದೇ.

ಇತಿಹಾಸದಲ್ಲಂತೂ ತಮ್ಮ ಪಾಂಡಿತ್ಯ ಬ್ರಿಟಿಷರ ದಾಖಲೆಗಳನ್ನೂ ಮೀರಿಸಿದ್ದು. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ನಂದಗಡ ನಮ್ಮ ಖಾನಾಪುರ ತಾಲೂಕಿನದೇ. ರಾಯಣ್ಣನ ಸಮಾಧಿ ಅಲ್ಲಿದೆ, ಜನ ಇಂದಿಗೂ ಹೋಗಿ ನಮಸ್ಕರಿಸುತ್ತಾರೆ. ತಮ್ಮ ಒಂದು ಆವೃತ್ತಿಯಲ್ಲಿ ಅದು 1813 ಎಂದು ಅಚ್ಚಾಗಿದೆ. ಕಿತ್ತೂರಿನ ಕದನ ನಡೆದು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತದ್ದು 1824ರಲ್ಲಿ. ಅಂದರೆ ತಮ್ಮ ಲೆಕ್ಕದಲ್ಲಿ ರಾಯಣ್ಣ ಯುದ್ಧಕ್ಕೆ ಹನ್ನೊಂದು ವರ್ಷ ಮೊದಲೇ, ಹದಿಹರೆಯದ ಹುಡುಗನಾಗಿರುವಾಗಲೇ ಗಲ್ಲಿಗೇರಿ, ಆಮೇಲೆ ಬಂದು ಚೆನ್ನಮ್ಮನ ಪರ ಹೋರಾಡಿದ. ಮಾರನೆಯ ವರ್ಷದ ಪ್ರತಿಯ ಮೇಲೆ 'ಪರಿಷ್ಕೃತ' ಎಂದು ಬಂಗಾರದ ಬಣ್ಣದಲ್ಲಿತ್ತು. ಒಳಗೆ 1813 ಭದ್ರವಾಗಿತ್ತು. ನಂದಗಡದ ಕಡೆಯಿಂದ ಬರುವ ಹುಡುಗನಿಗೆ, "ನೀ ದಿನಾ ಆ ಸಮಾಧಿ ಮುಂದ ಹಾದು ಬರ್ತಿಯಲ್ಲೋ, ಅಲ್ಲೇ ಬೋರ್ಡ್ ಮ್ಯಾಲ ಓದಿ ಬಾ" ಎಂದೆ. ಓದಿ ಬಂದ. ಬಂದು ಕೇಳಿದ: "ಸರ, ಹಂಗಾದ್ರ ಬೋರ್ಡ್ ತಪ್ಪು ಐತೇನ್ರಿ?"

ತಮ್ಮ ಮರಾಠಿ ದಾಯಾದಿಗಳನ್ನೂ ಇಲ್ಲಿ ನೆನೆಯದಿದ್ದರೆ ಅಪಚಾರವಾದೀತು. ಖಾನಾಪುರದಲ್ಲಿ ಮರಾಠಿ ಮಾಧ್ಯಮದ ಶಾಲೆಗಳು ಬಹಳ. ಅವುಗಳ ಪಠ್ಯ ಕರ್ನಾಟಕದ್ದು, ಪರೀಕ್ಷೆ ಕರ್ನಾಟಕದ್ದು. ಅಂಗಡಿಯಲ್ಲಿ ಸಿಗುವ ಮರಾಠಿ ಗೈಡ್ ಮಾತ್ರ ಎಷ್ಟೋ ಸಲ ಪುಣೆಯ ಬಾಲಭಾರತಿಯ ಪಠ್ಯಕ್ಕೆ ಬರೆದದ್ದು. ಪಾಠದ ಹೆಸರು ಬೇರೆ, ಕ್ರಮ ಬೇರೆ, ಪ್ರಶ್ನೆ ಬೇರೆ, ಭಾಷೆ ಮಾತ್ರ ಒಂದೇ. ಗೊತ್ತಿಲ್ಲದ ಪಾಲಕರು ಕೊಂಡು ತರುತ್ತಾರೆ, ಮಗು ಆಗಸ್ಟ್‌ವರೆಗೆ ಹುಡುಕುತ್ತದೆ. 2004ರಿಂದ ಸುಪ್ರೀಂ ಕೋರ್ಟಿನಲ್ಲಿ ಕೂತಿರುವ ಗಡಿ ದಾವೆಯನ್ನು ತಾವು ಒಂದೇ ಅಂಗಡಿಯ ಒಂದೇ ಹಲಗೆಯ ಮೇಲೆ ಇತ್ಯರ್ಥ ಮಾಡಿದ್ದೀರಿ. ಎರಡೂ ರಾಜ್ಯದ ರೊಕ್ಕ ತಮಗೆ, ಗೊಂದಲ ಮಗುವಿಗೆ.

ಪಠ್ಯ ಬದಲಾದಾಗ ಗುರುಗಳಾದ ನಮಗೆ ತಲೆ ಕೆಡುತ್ತದೆ, ತಮಗೆ ಕೆಡುವುದಿಲ್ಲ. 2022ರಲ್ಲಿ ಪರಿಷ್ಕರಣೆಯ ಗಲಾಟೆ ರಾಜ್ಯವನ್ನೇ ಅಲುಗಿಸಿತು. 2023ರಲ್ಲಿ ಸರ್ಕಾರ ಬದಲಾದ ಮೇಲೆ 6ರಿಂದ 10ನೇ ತರಗತಿಯ ಕನ್ನಡ ಮತ್ತು ಸಮಾಜ ವಿಜ್ಞಾನದಲ್ಲಿ ಕೆಲವು ಪಾಠ ತೆಗೆದು, ಕೆಲವು ಸೇರಿಸಿ, ಆಗಲೇ ಹಂಚಿಯಾಗಿದ್ದ ಪುಸ್ತಕಗಳ ಜೊತೆಗೆ ಪೂರಕ ಪುಸ್ತಿಕೆ ಕೊಟ್ಟರು. ನಮ್ಮ ಮಕ್ಕಳ ಬಳಿ ಆ ವರ್ಷ ಮೂರು ಸತ್ಯಗಳಿದ್ದವು: ಪುಸ್ತಕದ್ದು, ಪುಸ್ತಿಕೆಯದು, ತಮ್ಮದು. ಮೂರರಲ್ಲಿ ಅತ್ಯಂತ ಖಾತ್ರಿಯಿಂದ ಮಾತಾಡುತ್ತಿದ್ದವರು ತಾವೇ. ಕೈಬಿಟ್ಟ ಪಾಠದ ಪ್ರಶ್ನೆಗಳಿಗೂ ತಾವು ನಿಷ್ಠೆಯಿಂದ ಉತ್ತರ ಕೊಡುತ್ತಲೇ ಇದ್ದಿರಿ.

ಭಾರದ ವಿಷಯ ಎತ್ತಲು ಸಂಕೋಚವಾಗುತ್ತದೆ, ದೊಡ್ಡವರ ಮೈತೂಕದ ಮಾತಾಡಬಾರದು. ಆದರೂ, ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿ 1989ರಲ್ಲಿ ಎದ್ದು ನಿಂತು ಮಾತಾಡಿದ್ದು ಶಾಲಾ ಮಕ್ಕಳ ಬೆನ್ನಿನ ಚೀಲದ ಬಗ್ಗೆ. ಆಮೇಲೆ ಯಶಪಾಲ್ ಸಮಿತಿ ಕೂತಿತು, 1993ರಲ್ಲಿ ಹೊರೆಯಿಲ್ಲದ ಕಲಿಕೆ ಬೇಕೆಂದು ವರದಿ ಕೊಟ್ಟಿತು. ನಮ್ಮ ರಾಜ್ಯದ 2023ರ ಆದೇಶದಂತೆ ಒಂದನೇ ಎರಡನೇ ತರಗತಿಯ ಚೀಲ ಒಂದೂವರೆಯಿಂದ 2 ಕಿಲೋ, ಒಂಬತ್ತು ಹತ್ತನೆಯದು 4ರಿಂದ 5 ಕಿಲೋ ಮೀರಬಾರದು. ಆದೇಶ ಬರೆದವರಿಗೆ ತಾವು ಕಾಣಲೇ ಇಲ್ಲ. ಪಠ್ಯಪುಸ್ತಕ ಹೊತ್ತ ಮೇಲೆ ಅದರ ಉತ್ತರಗಳನ್ನೂ ಬೇರೆಯಾಗಿ ಹೊತ್ತು, ನಮ್ಮ ಮಕ್ಕಳು ಬಸ್ಸಿಲ್ಲದ ಊರುಗಳಿಂದ ನಡೆದು ಬರುತ್ತಾರೆ. ತೂಕದ ಮೇಲೆಯೇ ತಮ್ಮನ್ನು ಆರಿಸಿದ ಆ ಇಟ್ಟಂಗಿ ಭಟ್ಟಿಯವರ ಮಗನೂ ಅವರಲ್ಲಿ ಒಬ್ಬ.

ನಮ್ಮ ಬಳಗದ ಮೇಲೆ ತಾವು ತೋರುವ ಪ್ರೀತಿಯನ್ನು ಮುಚ್ಚಿಡುವುದು ಕೃತಘ್ನತೆ. ಮೇ ಕೊನೆಯಲ್ಲಿ ತಮ್ಮ ಪ್ರತಿನಿಧಿಗಳು ಶಾಲೆಗೆ ಬರುತ್ತಾರೆ. ಕೈಯಲ್ಲಿ 'ಗೌರವ ಪ್ರತಿ, ಮಾರಾಟಕ್ಕಲ್ಲ' ಎಂದು ಠಸ್ಸೆ ಒತ್ತಿದ ತಾವು, ಜೊತೆಗೊಂದು ಡೈರಿ, ಒಂದು ಪೆನ್ನು. "ಸರ, ಹುಡುಗರಿಗೆ ಒಂದು ಮಾತು ಹೇಳ್ರಿ ಸಾಕು." ಕೆಲವು ಕಡೆ ಆ ಒಂದು ಮಾತು ಕಪ್ಪುಹಲಗೆಯ ಮೇಲೆ ಕಂಪನಿಯ ಹೆಸರಿನ ಸಮೇತ ಬೀಳುತ್ತದೆ. ಇನ್ನು ಕೆಲವು ಕಡೆ ಪ್ರಶ್ನೆಪತ್ರಿಕೆಯೂ ತಮ್ಮಿಂದಲೇ ಹೊರಡುತ್ತದೆ, ತಮ್ಮ ಅಚ್ಚಿನ ದೋಷದ ಸಮೇತ. ಗೈಡಿನಿಂದ ಪ್ರಶ್ನೆ, ಗೈಡಿನಿಂದ ಉತ್ತರ, ಗೈಡ್ ನೋಡಿ ಮೌಲ್ಯಮಾಪನ. ಮಾಸ್ತರನೂ ವಿದ್ಯಾರ್ಥಿಯೂ ನಡುವೆ ಏಕೆ ಬೇಕೋ, ನನಗಂತೂ ಕಾರಣ ಹೊಳೆಯುತ್ತಿಲ್ಲ.

ಡಿಸೆಂಬರ್ ಬಂತೆಂದರೆ ತಾವು ಕೃಶಾವತಾರ ತಾಳುತ್ತೀರಿ. ಆಗ ತಮ್ಮ ಹೆಸರು ಪಾಸಿಂಗ್ ಪ್ಯಾಕೇಜ್. ಫಲಿತಾಂಶ ಏರಿಸಬೇಕೆಂಬ ಸುತ್ತೋಲೆ ಬಂದು, ಹಿಂದುಳಿದ ಮಕ್ಕಳನ್ನು ಒಬ್ಬೊಬ್ಬ ಶಿಕ್ಷಕರಿಗೆ ದತ್ತು ಹಚ್ಚಿ, ಇಷ್ಟು ಪ್ರಶ್ನೆ ಬಾಯಿಪಾಠ ಮಾಡಿದರೆ ಇಷ್ಟು ಅಂಕ ಎಂದು ಲೆಕ್ಕ ಕೊಡುವ ಕಾಲ ಅದು. ಫೇಲಾಗುವ ಮಗುವನ್ನು ದಡ ಸೇರಿಸುವ ಆಸೆಯನ್ನು ನಾನು ಹಳಿಯುವುದಿಲ್ಲ. ಹತ್ತನೇ ಪಾಸಾದ ಕಾಗದ ಖಾನಾಪುರದ ಬಡವರ ಮನೆಯಲ್ಲಿ ಸಣ್ಣ ವಸ್ತುವಲ್ಲ. ಆದರೆ ಅದಕ್ಕೂ ಕಿರಿದಾದ ತಮ್ಮ ಇನ್ನೊಂದು ರೂಪವಿದೆ, ಮೈಕ್ರೋ ಜೆರಾಕ್ಸ್. ಅಂಗೈಯಲ್ಲಿ ಇಡೀ ಸಮಾಜ ವಿಜ್ಞಾನ ಹಿಡಿಯುವ ಆ ವಾಮನಾವತಾರಕ್ಕೆ ಹೆದರಿಯೇ ಪರೀಕ್ಷಾ ಕೇಂದ್ರದ ಸುತ್ತ 200 ಮೀಟರಿನಲ್ಲಿ ಜೆರಾಕ್ಸ್ ಅಂಗಡಿ ಮುಚ್ಚಿಸುತ್ತಾರೆ. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ಸುರುವಾಯಿತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೂ ಇಷ್ಟು. ವಾಮನನಿಗೆ ಕಾಲಿಡಲು ಜಾಗ ಸಿಗದಿದ್ದರೆ ನಮ್ಮ ಗತಿ ಏನೆಂದು ಆ ವರ್ಷ ನಾಡಿಗೆಲ್ಲ ತಿಳಿಯಿತು.

ಇಷ್ಟೆಲ್ಲ ಹೇಳಿ, ಹಾಗಾದರೆ ಮಕ್ಕಳಿಗೆ ಬೇರೆ ಏನು ಕೊಡುತ್ತೀಯೋ ಮಾಸ್ತರ ಎಂದು ತಾವು ಗದರಬಹುದು. ಗದರಿರಿ. ಪಠ್ಯದ ಜೊತೆಗೆ ಏನು ಕೊಡಬೇಕೆಂಬ ಯೋಚನೆ ಈ ಸೀಮೆಗೆ ಹೊಸದಲ್ಲ. ಬೆಳಗಾವಿ, ಧಾರವಾಡ ಮುಂಬಯಿ ಇಲಾಖೆಯಲ್ಲಿದ್ದಾಗ ಕನ್ನಡದ ಮಕ್ಕಳೂ ಮರಾಠಿ ಸಾಲೆಗೆ ಹೋಗಬೇಕಾದ ಸ್ಥಿತಿಯಿತ್ತು. ಡೆಪ್ಯುಟಿ ಚನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಸಾಲೆ ತೆರೆಸಿದರು. ಸಾಲೆ ತೆರೆದರಾಯಿತೇ, ಓದಲು ಏನಾದರೂ ಬೇಕಲ್ಲ? ಅವರೇ ಶೇಕ್ಸ್‌ಪಿಯರನ ನಾಟಕವನ್ನು ಕನ್ನಡಕ್ಕೆ ತಂದರು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಶಿಕ್ಷಕರಿಗಾಗಿ 'ಮಠಪತ್ರಿಕೆ' ಎಂಬ ಮಾಸಿಕ ಹೊರಟಿತು, ಅದೇ ಮುಂದೆ 'ಜೀವನ ಶಿಕ್ಷಣ'ವಾಯಿತು. 1930ರ ದಶಕದಲ್ಲಿ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ'ದ ಸಂಪುಟಗಳನ್ನು ಬರೆದರು. ನಿರಂಜನರು 'ಜ್ಞಾನಗಂಗೋತ್ರಿ' ಎಂದು ಕಿರಿಯರ ವಿಶ್ವಕೋಶದ ಏಳು ಸಂಪುಟ ಹೊರತಂದರು. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಭಾರತ ಭಾರತಿಯ 510 ಪುಟ್ಟ ಪುಸ್ತಕಗಳು ಬಂದವು, ಒಂದೊಂದನ್ನು ಒಂದು ಬಸ್ ಪ್ರಯಾಣದಲ್ಲಿ ಮುಗಿಸಬಹುದು. ಇವರಲ್ಲಿ ಯಾರೂ ಯಾವ ಪ್ರಶ್ನೆಗೆ ಎಷ್ಟು ಅಂಕ ಎಂದು ಹೇಳಲಿಲ್ಲ. ಅದಕ್ಕೇ ಇವರು ತಮ್ಮೆದುರು ಸೋತರು.

ಸೋತವರು ಎಲ್ಲಿದ್ದಾರೆ ಎನ್ನುತ್ತೀರಾ? ಎಷ್ಟೋ ಶಾಲೆಗಳಲ್ಲಿ ಹೆಡ್ಮಾಸ್ತರರ ಕೋಣೆಯ ಕಬ್ಬಿಣದ ಕಪಾಟಿನಲ್ಲಿ ಸುಖವಾಗಿದ್ದಾರೆ. ನಮ್ಮಲ್ಲಿಯೂ ಹಾಗೆಯೇ. ಕಪಾಟಿನ ಮೇಲೆ 'ಗ್ರಂಥಾಲಯ' ಎಂದು ಬಿಳಿ ಬಣ್ಣದಲ್ಲಿ ಬರೆದಿದೆ, ಮುಂದೆ ಅಕ್ಕಿ ಚೀಲ ಒಟ್ಟಿರುವುದರಿಂದ 'ಗ್ರಂ' ಮಾತ್ರ ಕಾಣುತ್ತದೆ. ಬೀಗ ಹಾಕಿದವರ ತಪ್ಪೂ ಅಲ್ಲ. ಪ್ರತಿ ಪುಸ್ತಕಕ್ಕೂ ದಾಸ್ತಾನು ವಹಿಯಲ್ಲಿ ನಂಬರಿದೆ. ವರ್ಗವಾಗಿ ಹೋಗುವಾಗ ಚಾರ್ಜ್ ಕೊಡಬೇಕು, ಒಂದು ಕಡಿಮೆಯಾದರೂ ಕೈಯಿಂದ ತೆರಬೇಕು. ಮಕ್ಕಳಿಗೆ ಕೊಟ್ಟರೆ ಹರಿದಾವು, ಕಳೆದಾವು. ಖಾನಾಪುರದ ಮಳೆಗಾಲದಲ್ಲಿ ಕೊಡದೆ ಇಟ್ಟರೂ ಬೂಸಲು ಹಿಡಿಯುತ್ತವೆ, ಆದರೆ ಬೂಸಲು ಹಿಡಿದ ಪುಸ್ತಕ ಲೆಕ್ಕಕ್ಕೆ ಹತ್ತುತ್ತದೆ, ಓದಿ ಹರಿದದ್ದು ಹತ್ತುವುದಿಲ್ಲ. ಈ ಒಂದು ನಿಯಮ ತಮ್ಮ ವ್ಯಾಪಾರಕ್ಕೆ ಮಾಡಿದ ಸಹಾಯವನ್ನು ಯಾವ ಜಾಹೀರಾತೂ ಮಾಡಿಲ್ಲ. ತಮ್ಮ ಪ್ರಕಾಶಕರು ಆ ದಾಸ್ತಾನು ವಹಿಗೆ ವರ್ಷಕ್ಕೊಮ್ಮೆ ಪೂಜೆ ಮಾಡಿಸಿದರೂ ಋಣ ತೀರದು.

ಪ್ರತಿ ತಿಂಗಳ ಮೂರನೇ ಶನಿವಾರ ಬ್ಯಾಗಿಲ್ಲದ ದಿನ. ಅಂಥ ಒಂದು ಶನಿವಾರ, ಹೊಸದಾಗಿ ಬಂದ ಹೆಡ್ಮಾಸ್ತರರನ್ನು ಕಾಡಿ ಬೇಡಿ ಅಕ್ಕಿ ಚೀಲ ಸರಿಸಿ ಬೀಗ ತೆಗೆಸಿದೆವು. ತಾವು ಆ ದಿನ ಚೀಲದ ಸಮೇತ ಮನೆಯಲ್ಲಿದ್ದಿರಿ, ಅದಕ್ಕೇ ಧೈರ್ಯ ಬಂತು. ಜಿಗಳೆಯ ಕತೆ ಹೇಳಿದ ಆ ಹುಡುಗ ವಿಶ್ವಕೋಶದ ಒಂದು ಸಂಪುಟ ನೆಲದ ಮೇಲೆ ಹರವಿಕೊಂಡು ಪ್ರಾಣಿಗಳ ಚಿತ್ರ ಹುಡುಕುತ್ತ ಕೂತ. ನಡುನಡುವೆ ಬಂದು, "ಸರ, ಇದರ ಪ್ರಶ್ನೆ ಎಲ್ಲಿ ಅದಾವ್ರಿ?" ಎಂದು ಕೇಳಿದ. ಪ್ರಶ್ನೆ ಇಲ್ಲಪ್ಪ ಎಂದೆ. ನಂಬದೆ ಕೊನೆಯ ಪುಟ ತಿರುವಿ ನೋಡಿದ. ಇಲ್ಲವೆಂದು ಖಾತ್ರಿಯಾದ ಮೇಲೆ ಓದಿದ.

ಆದ್ದರಿಂದ ಪೂಜ್ಯರೇ, ತಮ್ಮನ್ನು ಬಿಟ್ಟುಬಿಡುತ್ತೇವೆ ಎನ್ನುವಷ್ಟು ಉದ್ಧಟನಲ್ಲ ನಾನು. ಪರೀಕ್ಷೆ ಇರುವವರೆಗೆ ತಾವು ಇದ್ದೇ ಇರುತ್ತೀರಿ. ಬೇಡುವುದು ಇಷ್ಟೇ. ದಯಮಾಡಿ ಆ ಪ್ಲಾಸ್ಟಿಕ್ ಪೀತಾಂಬರವನ್ನು ಒಂದು ಪ್ರತಿಯ ಮೈಮೇಲಿಂದಾದರೂ ಕಳಚಿ ಅಂಗಡಿಯಲ್ಲಿ ಇಡಿಸಿರಿ, ಕೊಳ್ಳುವವರು ನಾಲ್ಕು ಪುಟ ಓದಿ ನೋಡಲಿ. ಕನ್ನಡ ಬೇಕಾದವನಿಗೆ ಕನ್ನಡ, ಗಣಿತ ಬೇಕಾದವಳಿಗೆ ಗಣಿತ ಬಿಡಿಯಾಗಿ ಸಿಗಲಿ. ಉತ್ತರಗಳು ಕೊನೆಯಲ್ಲಿ ಬೇರೆಯಾಗಿರಲಿ, ಪ್ರಶ್ನೆಯ ಕೆಳಗೆ ನಾಲ್ಕು ಗೆರೆ ಖಾಲಿ ಬಿಡಿರಿ. ನಿಬಂಧದಲ್ಲಿ ನಮ್ಮೂರಿಗೆ ಮಳೆ ಬರಲು ಅಪ್ಪಣೆ ಕೊಡಿರಿ. ಮರಾಠಿ ಪ್ರತಿಯ ಮುಖದ ಮೇಲೆ ಇದು ಯಾವ ರಾಜ್ಯದ ಪಠ್ಯಕ್ಕೆ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿರಿ. ಮತ್ತು ಮುಂದಿನ ಪರಿಷ್ಕೃತ ಆವೃತ್ತಿಯಲ್ಲಿ, ರಾಯಣ್ಣನಿಗೆ ಅವನ ಹದಿನೆಂಟು ವರ್ಷಗಳನ್ನು ವಾಪಸ್ ಕೊಟ್ಟರೆ ನಂದಗಡದ ಜನ ತಮಗೆ ಋಣಿಯಾಗಿರುತ್ತಾರೆ.

ಇಂತಿ ತಮ್ಮ ವಿಧೇಯ,
ಒಬ್ಬ ಕನ್ನಡ ಮಾಸ್ತರ,
ಖಾನಾಪುರ ತಾಲೂಕು.

ತಾ.ಕ.: ಇದು ಪಾಲಕರಿಗೆ, ಗೈಡ್ ಮಹಾಶಯರು ಓದಬಾರದು. ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನು ಈಗ ಅರಿವು ಕೇಂದ್ರ ಎನ್ನುತ್ತಾರೆ. 2020ರಲ್ಲಿ 'ಓದುವ ಬೆಳಕು' ಸುರುವಾದಾಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಪುಕ್ಕಟೆ. ಗೈಡ್ ತರಲು ಬೆಳಗಾವಿ ಬಸ್ ಹತ್ತುವ ಮೊದಲು ಅಲ್ಲಿ ಹುಡುಗರ ಹೆಸರು ಹಚ್ಚಿಸಿರಿ. ಬಾಗಿಲು ಮುಚ್ಚಿದ್ದರೆ ಪಂಚಾಯಿತಿಯಲ್ಲಿ ಕೇಳಿ ತೆಗೆಸಿರಿ. ಬಸ್ ಚಾರ್ಜ್ ಮತ್ತು ಸೆಟ್ಟಿನ ರೊಕ್ಕ ಉಳಿದರೆ ಒಂದು ಕನ್ನಡ ನಿಘಂಟು ತನ್ನಿರಿ. ಅದಕ್ಕೆ ಪ್ಲಾಸ್ಟಿಕ್ ಸುತ್ತಿರುವುದಿಲ್ಲ, ತೆರೆದು ನೋಡಿಯೇ ಕೊಳ್ಳಬಹುದು.